ಗದ್ದೆಯ ಯೂರಿಯಾಗೂ ಕಡಲ ಹವಳಕ್ಕೂ ಸಂಬಂಧ ಇದೆಯಾ?

ಪ್ರಶ್ನೆ (ಸಿಂಧನೂರು ಕಡೆಯ ಭತ್ತದ ರೈತರು): ಮೇಡಂ, ಹೊಲದ ಗೊಬ್ಬರ ಹರಿದುಹೋಗಿ ಸಮುದ್ರದ ಹವಳ ಸಾಯುತ್ತದೆ ಅಂತ ಮಗಳ ಪುಸ್ತಕದಲ್ಲಿದೆ. ನಾವೂ ಚೀಲಗಟ್ಟಲೆ ಯೂರಿಯಾ ಹಾಕುತ್ತೇವೆ. ಸಮುದ್ರ ಎಲ್ಲಿ, ಸಿಂಧನೂರು ಎಲ್ಲಿ? ನಿಜವಾ ಇದು?

ಉತ್ತರ (ಕಡಲ ಜೀವಿ ತಜ್ಞೆ, ಊರು ಗಂಗಾವತಿ): ಪುಸ್ತಕದ ಮಾತು ನಿಜ. ಆದರೆ ನಿಮ್ಮ ಗದ್ದೆ ನೀರು ಹವಳಕ್ಕೆ ನೇರವಾಗಿ ತಾಗುವುದಿಲ್ಲ. ಅದು ಹಳ್ಳ ಹಿಡಿದು ತುಂಗಭದ್ರೆಗೆ ಹೋಗಿ, ಮುಂದೆ ಕೃಷ್ಣೆ ಸೇರಿ, ಶ್ರೀಶೈಲ, ನಾಗಾರ್ಜುನಸಾಗರ ದಾಟಿ ಆಂಧ್ರದ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿ ಮುಟ್ಟುತ್ತದೆ. ಅಲ್ಲಿ ಹವಳದ ದಿಬ್ಬ ಇಲ್ಲ. ದೊಡ್ಡ ನದಿಯ ಸಿಹಿನೀರು, ಕೆಸರು ಸುರಿಯುವ ಕಡೆ ಹವಳ ಬೆಳೆಯುವುದು ಕಷ್ಟ. ನಮ್ಮ ದೇಶದಲ್ಲಿ ಅವು ಲಕ್ಷದ್ವೀಪ, ಅಂಡಮಾನ್-ನಿಕೋಬಾರ್, ಮನ್ನಾರ್ ಕೊಲ್ಲಿ, ಕಚ್ ಕೊಲ್ಲಿಯಲ್ಲಿವೆ. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಸ್ವಲ್ಪ ಇವೆ.

ಅದೇ ರೈತರು: ಗೊಬ್ಬರ ಅಂದರೆ ಬೆಳೆಗೆ ಬಲ. ಹವಳಕ್ಕೆ ಯಾಕೆ ಕೆಡುಕು?

ಉತ್ತರ: ಹವಳ ಗಿಡ ಅಲ್ಲ, ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ, ಬಿಸಿಲು ಬಳಸಿ ಹವಳಕ್ಕೆ ಊಟ ಕೊಡುವುದು ಅದೇ. ನೀರು ಕೆಸರಾದರೆ ಬಿಸಿಲು ಕೆಳಗೆ ಇಳಿಯುವುದಿಲ್ಲ, ಜೊತೆಗೆ ಮೈಮೇಲೆ ಕೂತ ಮಣ್ಣನ್ನು ಲೋಳೆ ಬಿಟ್ಟು ತೊಳೆಯುವುದರಲ್ಲೇ ಅದರ ಶಕ್ತಿಯೆಲ್ಲ ಖರ್ಚಾಗುತ್ತದೆ. ಸಾರಜನಕ, ರಂಜಕ ಜಾಸ್ತಿಯಾದರೆ ಹೊರಗಿನ ಪಾಚಿ ಕೊಬ್ಬುತ್ತದೆ. ಗದ್ದೆಯಲ್ಲಿ ಕಳೆ ಸಸಿಯನ್ನು ಮುಚ್ಚಿಹಾಕುತ್ತದಲ್ಲ, ಹಾಗೆ. ಮರಿ ಹವಳಕ್ಕೆ ಅಂಟಿಕೊಳ್ಳಲು ಜಾಗವೇ ಸಿಗುವುದಿಲ್ಲ. ಆಸ್ಟ್ರೇಲಿಯಾದ ದೊಡ್ಡ ಹವಳದ ದಿಬ್ಬವಾದ ಗ್ರೇಟ್ ಬ್ಯಾರಿಯರ್ ರೀಫ್‌ಗೆ ಕಬ್ಬಿನ ಹೊಲಗಳಿಂದ ಸಾರಜನಕ, ದನ ಮೇಯುವ ಬಯಲುಗಳಿಂದ ಮಣ್ಣು ಹರಿದು ಬರುತ್ತದೆ. ಡೈಯುರಾನ್ ಅನ್ನುವ ಕಳೆನಾಶಕವೂ ಬರುತ್ತದೆ, ಅದು ಹವಳದೊಳಗಿನ ಪಾಚಿಯ ಕೆಲಸಕ್ಕೇ ಅಡ್ಡಿ.

ಪ್ರಶ್ನೆ (ರಾಯಚೂರಿನ ಶಿಕ್ಷಕರು): ಒಮ್ಮೆ ಕೆಟ್ಟರೆ ಮುಗೀತಾ?

ಉತ್ತರ: ಇಲ್ಲ ಸರ್. ಹವಾಯಿಯ ಕಾನಿಯೋಹೆ ಕೊಲ್ಲಿಗೆ ಊರ ಚರಂಡಿ ನೀರು ಬಿಡುತ್ತಿದ್ದರು. 1977-78ರಲ್ಲಿ ಅದನ್ನು ಬೇರೆ ಕಡೆ ತಿರುಗಿಸಿದರು. ನೀರು ತಿಳಿಯಾಯಿತು, ಕೆಲವೇ ವರ್ಷಗಳಲ್ಲಿ ಹವಳ ಮತ್ತೆ ಹಬ್ಬಿತು. ಬಿಸಿಯಾಗುತ್ತಿರುವ ಸಮುದ್ರ ಇನ್ನೂ ದೊಡ್ಡ ಶತ್ರು, ನಿಜ. ಆದರೆ ಅದನ್ನು ತಡೆಯಲು ಇಡೀ ಜಗತ್ತೇ ಒಪ್ಪಬೇಕು. ಕೊಳಕು ನೀರು ನಿಲ್ಲಿಸುವುದು ಒಂದೊಂದು ಊರಿನ ಕೈಯಲ್ಲೇ ಇದೆ, ಅದಕ್ಕೇ ನಾನು ಇದನ್ನು ಇಷ್ಟು ಒತ್ತಿ ಹೇಳುವುದು.

ಮೊದಲಿನ ರೈತರು: ಹಾಗಾದರೆ ನಾವು ಏನೂ ಮಾಡಬೇಕಿಲ್ಲ ಅಲ್ವಾ?

ಉತ್ತರ: ಮಾಡಬೇಕು, ನಿಮಗಾಗಿಯೇ. ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105 ಅಷ್ಟೇ. ಮೇಲಿನವರ ಹೊಲದಿಂದ ಕೊಚ್ಚಿ ಬಂದ ಮಣ್ಣು ನಿಮ್ಮ ಕಾಲುವೆ ನೀರನ್ನೇ ತಿಂದಿದೆ. ಯೂರಿಯಾವನ್ನು ಒಂದೇ ಸಲ ಸುರಿಯಬೇಡಿ, ಮಣ್ಣು ಪರೀಕ್ಷೆ ನೋಡಿ ಕಂತು ಮಾಡಿ ಕೊಡಿ. ಹಾಕಿದ ಮೇಲೆ ಕೆಲವು ದಿನ ಗದ್ದೆ ನೀರು ಹೊರಗೆ ಬಿಡಬೇಡಿ. ಜೋರು ಮಳೆಯ ಸೂಚನೆ ಇದ್ದರೆ ಆ ದಿನ ಚೀಲ ಬಿಚ್ಚಲೇಬೇಡಿ.