ಅಮೆರಿಕದಲ್ಲಿ ಮೊದಲ ವರ್ಷದ ಕಾಂಪೊಸಿಷನ್ ಕೋರ್ಸ್: "ಥೀಸಿಸ್ ಇಲ್ಲ, ಬರೀ ಸಾರಾಂಶ" ಅಂದರೆ ಏನು ಸರಿಪಡಿಸಬೇಕು?

ಬಯಲುಸೀಮೆ_ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪಿಯುಸಿ ಮುಗಿಸಿ ಅಮೆರಿಕದಲ್ಲಿ ಡಿಗ್ರಿ ಮೊದಲ ವರ್ಷ ಓದುತ್ತಿದ್ದೇನೆ. ನಮ್ಮಲ್ಲಿ ಯಾವ ಮೇಜರ್ ತೆಗೆದುಕೊಂಡವರಿಗೂ ಇಂಗ್ಲಿಷ್ ಕಾಂಪೊಸಿಷನ್ ಕಡ್ಡಾಯ. ಈಗಿನ ಅಸೈನ್‌ಮೆಂಟ್ 5ರಿಂದ 6 ಪುಟದ ಆರ್ಗ್ಯುಮೆಂಟ್ ಎಸ್ಸೆ. ಕನಿಷ್ಠ 5 ಆಕರ ಬೇಕು, ಅದರಲ್ಲಿ 2 ಪೀರ್ ರಿವ್ಯೂ ಆದ (ಅದೇ ಕ್ಷೇತ್ರದ ತಜ್ಞರು ಪರಿಶೀಲಿಸಿದ) ಲೇಖನ ಇರಬೇಕು, ಎಂಎಲ್‌ಎ ಶೈಲಿಯಲ್ಲಿ (ಪುಟವಿನ್ಯಾಸ, ಆಕರ ಕೊಡುವ ಕ್ರಮದ ನಿಯಮಗಳು) ಇರಬೇಕು. ವಿಷಯ ನಮ್ಮದೇ ಆಯ್ಕೆ. ಕರ್ನಾಟಕದ ಶಕ್ತಿ ಯೋಜನೆ ತೆಗೆದುಕೊಂಡಿದ್ದೇನೆ, ಪ್ರೊಫೆಸರ್ ಒಪ್ಪಿದ್ದಾರೆ.

ಮೊದಲ ಡ್ರಾಫ್ಟ್ ಮೇಲೆ ಬಂದ ಟಿಪ್ಪಣಿ ಇಷ್ಟು: ಥೀಸಿಸ್ (ಎಸ್ಸೆಯ ಮುಖ್ಯ ವಾದ ಹೇಳುವ ಸಾಲು) ಇಲ್ಲ, ಸಾರಾಂಶ ಇದೆ, ವಿಶ್ಲೇಷಣೆ ಇಲ್ಲ, ಕೋಟ್‌ಗಳನ್ನು ತಂದಿಟ್ಟು ಹಾಗೇ ಬಿಟ್ಟಿದ್ದೀರಿ. ಗ್ರಾಮರ್ ಬಗ್ಗೆ ಒಂದು ಮಾತೂ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಕಲಿಸಿದ ಪೀಠಿಕೆ, ವಿಷಯ ವಿವರಣೆ, ಉಪಸಂಹಾರದ ಕ್ರಮದಲ್ಲೇ ಬರೆದದ್ದು. ಥೀಸಿಸ್ ಸಾಲು ಕನ್ನಡದಲ್ಲಿ ಹೀಗಾಗುತ್ತದೆ: "ಉಚಿತ ಬಸ್ ಪ್ರಯಾಣದಿಂದ ಮಹಿಳೆಯರಿಗೆ ಅನೇಕ ಅನುಕೂಲಗಳಿವೆ, ಕೆಲವು ಅನಾನುಕೂಲಗಳೂ ಇವೆ." ಇದರಲ್ಲಿ ಕೊರತೆ ಏನು? ಎಲ್ಲಿಂದ ತಿದ್ದಲು ಶುರು ಮಾಡಲಿ?

ತುಂಗಾತೀರ:

ಆ ಸಾಲನ್ನು ಯಾರೂ ಅಲ್ಲಗಳೆಯುವುದಿಲ್ಲ, ಕೊರತೆ ಅದೇ. ಯೋಜನೆಯ ಪರ ಇರುವವರೂ ವಿರೋಧಿಗಳೂ ಅದಕ್ಕೆ ತಲೆಯಾಡಿಸುತ್ತಾರೆ. ವಿಷಯ ಬಲ್ಲ, ತಿಳಿವಳಿಕೆಯುಳ್ಳ ಒಬ್ಬ ಓದುಗ "ನಾನು ಒಪ್ಪುವುದಿಲ್ಲ" ಎನ್ನಲು ಜಾಗ ಇರುವ ಸಾಲು ಬೇಕು. ಆತನನ್ನು ಒಪ್ಪಿಸುವ ಪ್ರಯತ್ನವೇ ಮುಂದಿನ ಐದು ಪುಟ.

ಥೀಸಿಸ್ ಬರೆದ ಮೇಲೆ ಅದಕ್ಕೆ ಮೂರು ಪ್ರಶ್ನೆ ಹಾಕಿ. ಇದನ್ನು ವಿರೋಧಿಸುವವರು ನಿಜವಾಗಿ ಇದ್ದಾರೆಯೇ? "ಯಾಕೆ" ಎಂಬುದಕ್ಕೆ ಉತ್ತರ ಸಾಲಿನಲ್ಲೇ ಇದೆಯೇ? 5 ಪುಟದಲ್ಲಿ ಮುಗಿಯುತ್ತದೆಯೇ? ಡಬಲ್ ಸ್ಪೇಸ್‌ನಲ್ಲಿ ಪುಟಕ್ಕೆ ಹೆಚ್ಚುಕಡಿಮೆ 250ರಿಂದ 300 ಪದ, ಅಂದರೆ ಒಟ್ಟು 1,500 ಪದದ ಆಸುಪಾಸು. ಇಷ್ಟರಲ್ಲಿ ಯೋಜನೆಯ ಖರ್ಚು, ನಿಗಮಗಳ ನಷ್ಟ, ಮಹಿಳಾ ಸಬಲೀಕರಣ, ಚುನಾವಣಾ ರಾಜಕೀಯ ಎಲ್ಲವೂ ಹಿಡಿಸುವುದಿಲ್ಲ. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ.

ಇನ್ನೊಂದು ಮಾತು ಕ್ರಮದ ಬಗ್ಗೆ. ನಮ್ಮ ಶಾಲೆಯ ಪ್ರಬಂಧ ಗಾದೆಯಿಂದಲೋ ವಚನದಿಂದಲೋ ಶುರುವಾಗಿ, ಸಂಗತಿಗಳನ್ನು ಪೇರಿಸುತ್ತಾ ಹೋಗಿ, ಕೊನೆಗೆ "ಆದ್ದರಿಂದ" ಎಂದು ತೀರ್ಮಾನಕ್ಕೆ ಬರುತ್ತದೆ. ಈ ಕೋರ್ಸ್‌ನಲ್ಲಿ ಆ "ಆದ್ದರಿಂದ" ಮೊದಲ ಪುಟದಲ್ಲೇ ಇರಬೇಕು. ನಿಮ್ಮ ಡ್ರಾಫ್ಟಿನ ಕೊನೆಯ ಪ್ಯಾರಾ ಒಮ್ಮೆ ಓದಿ ನೋಡಿ. ಹೆಚ್ಚಿನವರ ನಿಜವಾದ ಥೀಸಿಸ್ ಅಲ್ಲೇ ಕೂತಿರುತ್ತದೆ, ಯಾಕೆಂದರೆ ತಾವು ಏನು ಹೇಳಬೇಕೆಂಬುದು ಬರೆಯುತ್ತಾ ಬರೆಯುತ್ತಾ ಹೊಳೆದಿರುತ್ತದೆ. ಅದನ್ನೇ ಮೊದಲ ಪ್ಯಾರಾದ ಕೊನೆಗೆ ತನ್ನಿ.

ಮೂರನೇ_ಓದು:

ಸಾರಾಂಶ, ವಿಶ್ಲೇಷಣೆಯ ವಿಷಯಕ್ಕೆ ಬರುತ್ತೇನೆ. ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ. ನಿಮ್ಮ ವಿಷಯದ ಮೇಲೆಯೇ ಒಂದು ಮಾದರಿ ಪ್ಯಾರಾ ಕೊಡುತ್ತೇನೆ:

"ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾಯಿತು. ಅಂದಿನಿಂದ ಕೋಟ್ಯಂತರ ಶೂನ್ಯ ಟಿಕೆಟ್ ವಿತರಣೆಯಾಗಿವೆ. ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. ಇದರಿಂದ ಯೋಜನೆ ಯಶಸ್ವಿಯಾಗಿದೆ ಎಂದು ತಿಳಿಯುತ್ತದೆ."

ಮೂರು ಸಂಗತಿ, ಆಮೇಲೆ ಒಂದೇ ನೆಗೆತಕ್ಕೆ ತೀರ್ಮಾನ. ನಡುವಿನ ದಾರಿ ಓದುಗನಿಗೆ ಕಾಣಿಸಿಲ್ಲ. ಬ್ರಿಟಿಷ್ ತತ್ವಶಾಸ್ತ್ರಜ್ಞ ಸ್ಟೀಫನ್ ಟೌಲ್ಮಿನ್ 1958ರಲ್ಲಿ ವಾದದ ಭಾಗಗಳನ್ನು ಬಿಡಿಸಿಟ್ಟ ಕ್ರಮವನ್ನು ಇಂಥ ಕೋರ್ಸ್‌ಗಳಲ್ಲಿ ಬಹಳ ಕಡೆ ಕಲಿಸುತ್ತಾರೆ. ಅದರ ಪ್ರಕಾರ ಹೇಳಿಕೆ ಒಂದು, ಪುರಾವೆ ಒಂದು, ಆ ಪುರಾವೆ ಈ ಹೇಳಿಕೆಗೆ ಹೇಗೆ ಆಧಾರವಾಗುತ್ತದೆ ಎಂದು ತೋರಿಸುವ ಕೊಂಡಿ ಇನ್ನೊಂದು. ಮೇಲಿನ ಪ್ಯಾರಾದಲ್ಲಿ ಆ ಕೊಂಡಿಯೇ ಇಲ್ಲ. ಅದೇ ಸಂಗತಿ ಇಟ್ಟುಕೊಂಡು ಹೀಗೆ ಬರೆಯಬಹುದು:

"ಟಿಕೆಟ್ ಲೆಕ್ಕ ಎಣಿಸುವುದು ಪ್ರಯಾಣಗಳನ್ನು, ಪ್ರಯಾಣಿಕರನ್ನಲ್ಲ. ಮಹಿಳೆ ಬಸ್ ಹತ್ತಿದಾಗಲೆಲ್ಲ ಕಂಡಕ್ಟರ್ ಒಂದು ಶೂನ್ಯ ಟಿಕೆಟ್ ಕೊಡುತ್ತಾರೆ. ಎರಡು ಬಸ್ ಹಿಡಿದು ಗಾರ್ಮೆಂಟ್ಸ್‌ಗೆ ಹೋಗಿಬರುವವಳಿಗೆ ದಿನಕ್ಕೆ ನಾಲ್ಕು ಟಿಕೆಟ್ ಆಗುತ್ತದೆ. ವಾರಕ್ಕೊಮ್ಮೆ ಸಂತೆಗೆ ಹೋಗುವವಳಿಗೆ ವಾರಕ್ಕೆ ಎರಡೇ. ಮೊದಲನೆಯವಳು ಯೋಜನೆಗೆ ಮುಂಚೆಯೂ ದುಡ್ಡು ಕೊಟ್ಟೋ ಪಾಸ್ ತೋರಿಸಿಯೋ ಓಡಾಡುತ್ತಿದ್ದಳು. ಅವಳಿಗೆ ಉಳಿದದ್ದು ಹಣ. ಎರಡನೆಯವಳು ಮೊದಲು ಮನೆಯಲ್ಲೇ ಉಳಿಯುತ್ತಿದ್ದವಳಾದರೆ ಅವಳಿಗೆ ಸಿಕ್ಕಿದ್ದು ಓಡಾಟ. ಒಟ್ಟು ಟಿಕೆಟ್ ಸಂಖ್ಯೆ ಈ ಎರಡನ್ನೂ ಬೆರೆಸಿಬಿಡುವುದರಿಂದ, ಮಹಿಳೆಯರ ಓಡಾಟ ಎಷ್ಟು ಹೆಚ್ಚಿತು ಎಂಬುದಕ್ಕೆ ಅದೊಂದೇ ಪುರಾವೆಯಾಗಲಾರದು."

ಮೊದಲ ವಾಕ್ಯ ಹೇಳಿಕೆ, ಎರಡನೆಯದು ಆಕರದಿಂದ ಬಂದ ಸಂಗತಿ. ಉಳಿದದ್ದೆಲ್ಲ ನಿಮ್ಮ ತಲೆಯ ಕೆಲಸ. ಇಂಗ್ಲಿಷ್‌ನಲ್ಲಿ ಇದು 150ರಿಂದ 200 ಪದ ಬಂದರೆ ಸರಿಯಾದ ಅಳತೆ. ಆಕರದ ಒಂದು ಸಾಲಿಗೆ ನಿಮ್ಮದು ಎರಡು ಸಾಲಾದರೂ ಇರಲಿ. ಎರಡು ಬಣ್ಣದ ಹೈಲೈಟರ್ ತೆಗೆದುಕೊಂಡು ಆಕರದ ಮಾತಿಗೆ ಹಳದಿ, ನಿಮ್ಮ ಮಾತಿಗೆ ಹಸಿರು ಬಳಿಯಿರಿ. ಪ್ಯಾರಾ ಪೂರ್ತಿ ಹಳದಿಯಾದರೆ ಅದೇ ಪ್ರೊಫೆಸರ್ ಹೇಳಿದ ಸಾರಾಂಶ. ಪೂರ್ತಿ ಹಸಿರಾದರೆ ಆಧಾರವಿಲ್ಲದ ಮಾತು.

ಕೋಟ್ ವಿಷಯ: ಉದ್ಧರಣೆ ಒಂಟಿ ವಾಕ್ಯವಾಗಿ ನಿಲ್ಲಬಾರದು. ಹಿಂದೆ, ಹೇಳಿದವರು ಯಾರು, ಯಾವ ನೆಲೆಯಿಂದ ಹೇಳುತ್ತಿದ್ದಾರೆ ಎಂಬುದು ಬರಲಿ. ಮುಂದೆ, ಅದರಿಂದ ನಿಮ್ಮ ವಾದಕ್ಕೆ ಏನು ಸಿಕ್ಕಿತು ಎಂಬುದು. ಎಲ್ಲ ಕಡೆ "ಸೇಸ್" (ಹೇಳುತ್ತಾರೆ) ಹಾಕಬೇಡಿ. ವಾದಿಸುತ್ತಾರೆ, ಒಪ್ಪಿಕೊಳ್ಳುತ್ತಾರೆ, ಪ್ರಶ್ನಿಸುತ್ತಾರೆ, ಅಂದಾಜಿಸುತ್ತಾರೆ, ಇವು ಬೇರೆ ಬೇರೆ ಕ್ರಿಯೆಗಳು. ಸರಿಯಾದದ್ದು ಹಾಕಿದರೆ ನೀವು ಆಕರವನ್ನು ಅರ್ಥಮಾಡಿಕೊಂಡಿದ್ದೀರಿ ಎಂದು ಆ ಒಂದು ಪದದಲ್ಲೇ ಗೊತ್ತಾಗುತ್ತದೆ. ಅಂಕಿಅಂಶವನ್ನು ಕೋಟ್ ಮಾಡಬೇಡಿ, ನಿಮ್ಮ ಮಾತಿನಲ್ಲಿ ಬರೆದು ಆಕರ ಕೊಡಿ. ಮೂಲದ ಪದಗಳೇ ಮುಖ್ಯವಾದಾಗ ಮಾತ್ರ ಕೋಟ್.

ಲೈಬ್ರರಿ_ಮೂಲೆ:

ಶಕ್ತಿ ಯೋಜನೆ ಹೊಸದು. ಅದರ ಹೆಸರು ಹಾಕಿ ಹುಡುಕಿದರೆ ಪತ್ರಿಕಾ ವರದಿಗಳೇ ಸಾಲಾಗಿ ಬರುತ್ತವೆ. ಸಂಶೋಧನಾ ಲೇಖನಗಳ ಆನ್‌ಲೈನ್ ಸಂಗ್ರಹವಾದ ಜೆಸ್ಟೋರ್‌ನಲ್ಲಿ ಅನೇಕ ಜರ್ನಲ್‌ಗಳ ಇತ್ತೀಚಿನ ಕೆಲವು ವರ್ಷಗಳ ಸಂಚಿಕೆಗಳೇ ಇರುವುದಿಲ್ಲ, ಅಲ್ಲೊಂದೇ ಹುಡುಕಿ ಕೈಬಿಡಬೇಡಿ. ಪೀರ್ ರಿವ್ಯೂ ಆದ ಎರಡು ಲೇಖನವನ್ನು ಯೋಜನೆಯ ಮೇಲಲ್ಲ, ಅದರ ಹಿಂದಿನ ಪ್ರಶ್ನೆಯ ಮೇಲೆ ಹುಡುಕಿ: ಟಿಕೆಟ್ ದರ ಇಲ್ಲದ ಸಾರಿಗೆ, ಮಹಿಳೆಯರ ಓಡಾಟ, ಸಾರಿಗೆ ಸಬ್ಸಿಡಿ. ಎಸ್ಟೋನಿಯಾದ ಟಾಲಿನ್ ನಗರ 2013ರಿಂದ ತನ್ನ ನಿವಾಸಿಗಳಿಗೆ ಉಚಿತ ಮಾಡಿದೆ. ಅದರ ಮೇಲೆ ಸಂಶೋಧನೆ ನಡೆದಿದೆ. ಲಕ್ಸೆಂಬರ್ಗ್ 2020ರಲ್ಲಿ ಇಡೀ ದೇಶಕ್ಕೆ ಮಾಡಿತು. ಅಮೆರಿಕದ ಓದುಗರಿಗೆ ಹತ್ತಿರದ ಉದಾಹರಣೆ ಬೇಕಿದ್ದರೆ ಮಿಸೌರಿಯ ಕ್ಯಾನ್ಸಸ್ ಸಿಟಿ ಇದೆ, ಅಲ್ಲಿ 2020ರಲ್ಲಿ ಬಸ್ ಟಿಕೆಟ್ ತೆಗೆದುಹಾಕಿದರು. ಆದರೆ ಅವೆಲ್ಲ ಗಂಡು ಹೆಣ್ಣೆನ್ನದೆ ಕೊಟ್ಟದ್ದು, ನಮ್ಮದು ಮಹಿಳೆಯರಿಗೆ ಕೊಟ್ಟದ್ದು. ಈ ವ್ಯತ್ಯಾಸ ಹೇಳದೆ ಹೋಲಿಸಿದರೆ ವಾದ ಅಲ್ಲೇ ಸಡಿಲವಾಗುತ್ತದೆ.

ಒಂದು ಒಳ್ಳೆಯ ಲೇಖನ ಸಿಕ್ಕಿದರೆ ಅದರ ಕೊನೆಯ ಆಕರಪಟ್ಟಿ ನೋಡಿ, ಆಮೇಲೆ ಗೂಗಲ್ ಸ್ಕಾಲರ್‌ನಲ್ಲಿ ಅದನ್ನು ಉಲ್ಲೇಖಿಸಿದವರ ಕೊಂಡಿ ಒತ್ತಿ. ಹಿಂದಕ್ಕೂ ಮುಂದಕ್ಕೂ ದಾರಿ ಸಿಗುತ್ತದೆ. ದುಡ್ಡು ಕೇಳುವ ಲೇಖನಕ್ಕೆ ದುಡ್ಡು ಕೊಡಬೇಡಿ. ಲೈಬ್ರರಿಯ ಇಂಟರ್‌ಲೈಬ್ರರಿ ಲೋನ್‌ನಲ್ಲಿ (ಬೇರೆ ಲೈಬ್ರರಿಯಿಂದ ತರಿಸಿಕೊಡುವ ಸೌಲಭ್ಯ) ಕೇಳಿ. ಎಐ ಚಾಟ್‌ಬಾಟ್ ಕೊಟ್ಟ ಆಕರಪಟ್ಟಿಯನ್ನು ನಂಬಬೇಡಿ, ಇಲ್ಲದ ಲೇಖನಕ್ಕೆ ಇದ್ದಂತೆಯೇ ಹೆಸರು, ಪುಟಸಂಖ್ಯೆ ಕೊಟ್ಟುಬಿಡುತ್ತದೆ. ಎಐ ಬಳಕೆಯ ನಿಯಮ ಪ್ರೊಫೆಸರಿಂದ ಪ್ರೊಫೆಸರಿಗೆ ಬೇರೆ, ನಿಮ್ಮ ಸಿಲಬಸ್ ಓದಿ.

ಎಂಎಲ್‌ಎ 9ನೇ ಆವೃತ್ತಿ 2021ರದ್ದು. ಸುತ್ತ 1 ಇಂಚು ಅಂಚು, ಎಲ್ಲ ಕಡೆ ಡಬಲ್ ಸ್ಪೇಸ್, ಪ್ಯಾರಾದ ಮೊದಲ ಸಾಲು ಅರ್ಧ ಇಂಚು ಒಳಗೆ. ಬಲ ಮೇಲ್ತುದಿಯಲ್ಲಿ ಸರ್‌ನೇಮ್ ಮತ್ತು ಪುಟಸಂಖ್ಯೆ. ಬರಹದ ನಡುವೆ ಆವರಣದಲ್ಲಿ ಲೇಖಕರ ಸರ್‌ನೇಮ್, ಪುಟ ಅಷ್ಟೇ. ನಡುವೆ ಅಲ್ಪವಿರಾಮ ಇಲ್ಲ, ಪೂರ್ಣವಿರಾಮ ಆವರಣ ಮುಗಿದ ಮೇಲೆ. ಗದ್ಯದ ಉದ್ಧರಣೆ ನಾಲ್ಕು ಸಾಲು ಮೀರಿದರೆ ಅರ್ಧ ಇಂಚು ಒಳಕ್ಕೆ ಸರಿಸಿ, ಉದ್ಧರಣ ಚಿಹ್ನೆ ತೆಗೆಯಿರಿ. ವರ್ಕ್ಸ್ ಸೈಟೆಡ್ (ಕೊನೆಯ ಆಕರಪಟ್ಟಿ) ಹೊಸ ಪುಟದಲ್ಲಿ, ಅಕ್ಷರಾನುಕ್ರಮದಲ್ಲಿ. ಜೊಟೆರೊ ಎಂಬ ತಂತ್ರಾಂಶ ಉಚಿತ, ಪಟ್ಟಿ ತಾನೇ ಮಾಡಿಕೊಡುತ್ತದೆ. ಆದರೆ ಶೀರ್ಷಿಕೆಯ ಕ್ಯಾಪಿಟಲ್ ಅಕ್ಷರಗಳು, ಬಿಟ್ಟುಹೋದ ಲೇಖಕರ ಹೆಸರು ನೀವೇ ನೋಡಬೇಕು.

ಕನ್ನಡ ಪತ್ರಿಕೆಯನ್ನು ಬಳಸಿದರೆ ಧೈರ್ಯವಾಗಿ ಉಲ್ಲೇಖಿಸಿ. ಶೀರ್ಷಿಕೆಯ ಪಕ್ಕದಲ್ಲಿ ಚೌಕ ಆವರಣದಲ್ಲಿ ಇಂಗ್ಲಿಷ್ ಅರ್ಥ ಕೊಡಿ, ಉದ್ಧರಣೆಯನ್ನು ನೀವೇ ಅನುವಾದಿಸಿದ್ದರೆ ಹಾಗೆಂದು ತಿಳಿಸಿ. ಕನ್ನಡದ ಬರಹವನ್ನು ಇಂಗ್ಲಿಷ್‌ಗೆ ತಿರುಗಿಸಿ ಆಕರ ಹೇಳದೆ ಬಿಟ್ಟರೂ ಅದು ಪ್ಲೇಜಿಯರಿಸಂ. ಹತ್ತರಲ್ಲಿ ನಾಲ್ಕು ಪದ ಬದಲಿಸಿ ವಾಕ್ಯದ ಕಟ್ಟು ಹಾಗೇ ಉಳಿಸುವುದೂ ಅದೇ ಗುಂಪಿಗೆ ಸೇರುತ್ತದೆ. ಲೇಖನ ಮುಚ್ಚಿಟ್ಟು ನೆನಪಿನಿಂದ ಬರೆಯಿರಿ, ಆಮೇಲೆ ತೆರೆದು ತಾಳೆ ನೋಡಿ, ಆಕರ ಹಾಕಿ.

ಬಯಲುಸೀಮೆ_ಹುಡುಗಿ:

ಎಲ್ಲರಿಗೂ ತುಂಬಾ ಧನ್ಯವಾದ. ಹೊಸ ಥೀಸಿಸ್ ಹೀಗೆ ಬರೆದಿದ್ದೇನೆ, ನೋಡಿ ಹೇಳಿ: "ಶಕ್ತಿ ಯೋಜನೆಯ ಯಶಸ್ಸನ್ನು ಶೂನ್ಯ ಟಿಕೆಟ್‌ಗಳ ಸಂಖ್ಯೆಯಿಂದ ಅಳೆಯುವುದು ತಪ್ಪು, ಹೊಸದಾಗಿ ಹೊರಗೆ ಹೊರಟವರನ್ನೂ ಮೊದಲೇ ಓಡಾಡುತ್ತಿದ್ದವರನ್ನೂ ಆ ಸಂಖ್ಯೆ ಒಂದೇ ಲೆಕ್ಕಕ್ಕೆ ಸೇರಿಸುತ್ತದೆ." ಎದುರುವಾದಕ್ಕೂ ಒಂದು ಪ್ಯಾರಾ ಬೇಕಂತೆ, ಅದನ್ನು ಎಲ್ಲಿ ಹಾಕಲಿ?

ತುಂಗಾತೀರ:

ಇದು ಥೀಸಿಸ್. ವಿರೋಧಿಸಬಹುದು, ಕಾರಣ ಇದೆ, ಐದು ಪುಟಕ್ಕೆ ಹಿಡಿಸುತ್ತದೆ. ಒಂದೇ ಕೊರತೆ: ಹೀಗೆ ಅಳೆಯುವುದು ತಪ್ಪಾದರೆ ಹೇಗೆ ಅಳೆಯಬೇಕು ಎಂದು ಓದುಗ ಕೇಳುತ್ತಾನೆ. "ಮೊದಲು ಮಾಡದಿದ್ದ ಯಾವ ಪ್ರಯಾಣಗಳನ್ನು ಈಗ ಮಾಡುತ್ತಿದ್ದಾರೆ ಎಂಬುದರಿಂದ ಅಳೆಯಬೇಕು" ಎಂಬ ಅರ್ಥದ ತುಣುಕು ಸೇರಿಸಿ. ಕೊನೆಯ ಒಂದು ಪುಟಕ್ಕೆ ಅದೇ ವಸ್ತು.

ಎದುರುವಾದವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ಇಡಿ. "ಕೆಲವರು ಟಿಕೆಟ್ ಸಂಖ್ಯೆ ಮುಖ್ಯ ಎನ್ನುತ್ತಾರೆ, ಅವರಿಗೆ ತಿಳಿದಿಲ್ಲ" ಎಂದರೆ ಅದು ಎದುರುವಾದ ಅಲ್ಲ. ನಿಜವಾದ ಎದುರುವಾದ ಇದು: ಸರ್ಕಾರ ಸಾರಿಗೆ ನಿಗಮಗಳಿಗೆ ಹಣ ಭರಿಸಿಕೊಡಲು ಲೆಕ್ಕ ಬೇಕು, ಆ ಲೆಕ್ಕ ಶೂನ್ಯ ಟಿಕೆಟ್‌ನಿಂದ ಸಿಗುತ್ತದೆ, ಅದಲ್ಲದೆ ಮೊದಲೇ ಓಡಾಡುತ್ತಿದ್ದವಳ ಕೈಯಲ್ಲಿ ಹಣ ಉಳಿಯುವುದೂ ಯಶಸ್ಸೇ. ಇದು ಗಟ್ಟಿ ಮಾತು. ಒಪ್ಪಬೇಕಾದಷ್ಟು ಒಪ್ಪಿಕೊಳ್ಳಿ: ಹಣಕಾಸಿನ ಲೆಕ್ಕಕ್ಕೆ ಟಿಕೆಟ್ ಸಂಖ್ಯೆ ಸರಿ. ಆಮೇಲೆ ನಿಮ್ಮ ಗೆರೆ ಎಳೆಯಿರಿ: ಓಡಾಟ ಹೆಚ್ಚಿತು ಎಂಬ ಘೋಷಣೆಗೆ ಅದು ಸಾಲದು. ಜಾಗ ಎಲ್ಲಿ ಅಂದರೆ, ನಿಮ್ಮ ಮುಖ್ಯ ಪುರಾವೆ ಮುಗಿದ ಮೇಲೆ, ಹೊಸ ಅಳತೆಯ ಪ್ರಸ್ತಾಪಕ್ಕೆ ಮುಂಚೆ. ಈ ಎಸ್ಸೆಗೆ ಅಲ್ಲೇ ಅದು ಸಹಜವಾಗಿ ಕೂರುತ್ತದೆ.

ಚಿತ್ತು_ಕಾಟು:

ತುಂಗಾತೀರ ಅವರ ಒಂದು ಮಾತಿಗೆ ಸಣ್ಣ ತಕರಾರು. ಥೀಸಿಸ್ ಮೊದಲ ಪ್ಯಾರಾದ ಕೊನೆಗೇ ಬರಬೇಕೆಂದಿಲ್ಲ. ನಿಮ್ಮ ಅಮೆರಿಕದ ಓದುಗರಿಗೆ ಶೂನ್ಯ ಟಿಕೆಟ್ ಎಂದರೇನೆಂದೇ ಗೊತ್ತಿಲ್ಲ. ಮೊದಲ ಪ್ಯಾರಾದಲ್ಲಿ ಅದನ್ನು ವಿವರಿಸಿ, ಎರಡನೆಯದರ ಕೊನೆಗೆ ಥೀಸಿಸ್ ಇಟ್ಟರೆ ಸಲೀಸಾಗಿ ಓದಿಸಿಕೊಳ್ಳುತ್ತದೆ. ರೂಬ್ರಿಕ್‌ನಲ್ಲಿ (ಅಂಕ ಕೊಡುವ ಮಾನದಂಡಗಳ ಪಟ್ಟಿ) "ಮೊದಲ ಪ್ಯಾರಾ" ಎಂದೇ ಬರೆದಿದ್ದರೆ ಮಾತ್ರ ಅದನ್ನು ಪಾಲಿಸಿ.

ಎರಡನೇ ಡ್ರಾಫ್ಟ್ ಆದ ಮೇಲೆ ಪ್ರತಿ ಪ್ಯಾರಾದ ಪಕ್ಕ ಎರಡು ಟಿಪ್ಪಣಿ ಬರೆಯಿರಿ: ಈ ಪ್ಯಾರಾ ಏನು ಹೇಳುತ್ತದೆ, ಥೀಸಿಸ್‌ಗೆ ಏನು ಮಾಡುತ್ತದೆ. ಎರಡನೆಯದಕ್ಕೆ ಉತ್ತರ ಹೊಳೆಯದಿದ್ದರೆ ಆ ಪ್ಯಾರಾ ತೆಗೆಯಿರಿ, ಎಷ್ಟೇ ಚೆನ್ನಾಗಿದ್ದರೂ. ಯೋಜನೆಯ ಇತಿಹಾಸ ಹೇಳುವ ಪ್ಯಾರಾ ಸಾಮಾನ್ಯವಾಗಿ ಇಲ್ಲೇ ಸಿಕ್ಕಿಬೀಳುತ್ತದೆ. ಪ್ಯಾರಾಗಳ ಕ್ರಮ ಸರಿಹೋಗುವ ತನಕ ವಾಕ್ಯ ತಿದ್ದಬೇಡಿ. ತಿದ್ದಿ ನಯಮಾಡಿದ ಪ್ಯಾರಾವನ್ನು ಆಮೇಲೆ ಕಿತ್ತುಹಾಕಲು ಮನಸ್ಸು ಬರುವುದಿಲ್ಲ.

ಭಾಷೆಯಲ್ಲಿ ನಮ್ಮವರಿಗೆ ಪದೇ ಪದೇ ಕೆಂಪು ಗೆರೆ ಬೀಳುವ ಕಡೆಗಳು ಗೊತ್ತಿರುವವೇ. ಕನ್ನಡದಲ್ಲಿ ಆರ್ಟಿಕಲ್ ಇಲ್ಲದ್ದರಿಂದ "ದಿ" ಬೇಕಾದಲ್ಲಿ ಬಿಟ್ಟುಹೋಗುತ್ತದೆ, ಬೇಡದಲ್ಲಿ ಬರುತ್ತದೆ. "ಡಿಸ್ಕಸ್ ಅಬೌಟ್", "ಈಸ್ ಹ್ಯಾವಿಂಗ್" ಅಲ್ಲಿ ತಪ್ಪೆನಿಸುತ್ತವೆ. ಲಕ್ಷ, ಕೋಟಿಯನ್ನು ಮಿಲಿಯನ್‌ಗೆ ಬದಲಿಸಿ: 1 ಕೋಟಿ ಅಂದರೆ 10 ಮಿಲಿಯನ್. ಜೋರಾಗಿ ಓದಿ, ಉಸಿರು ಸಾಲದ ವಾಕ್ಯವನ್ನು ಎರಡು ಮಾಡಿ.

ಕಾಲೇಜಿನ ರೈಟಿಂಗ್ ಸೆಂಟರ್‌ಗೆ (ಬರವಣಿಗೆಗೆ ಸಲಹೆ ಕೊಡುವ ಕೇಂದ್ರ) ಕೊನೆಯ ದಿನ ಹೋಗಬೇಡಿ. ಸಲ್ಲಿಸಲು ಐದಾರು ದಿನ ಇರುವಾಗಲೇ ಸ್ಲಾಟ್ ಬುಕ್ ಮಾಡಿ. ಅಸೈನ್‌ಮೆಂಟ್ ಶೀಟ್, ಪ್ರೊಫೆಸರ್ ಟಿಪ್ಪಣಿ ಇರುವ ಹಳೆಯ ಡ್ರಾಫ್ಟ್, ಹೊಸ ಡ್ರಾಫ್ಟ್ ಮೂರೂ ಒಯ್ಯಿರಿ. ಅವರು ತಪ್ಪು ತಿದ್ದಿಕೊಡುವವರಲ್ಲ. "ನನ್ನ ಎಸ್ಸೆ ನೋಡಿ" ಎಂದರೆ ಇದ್ದ ಸಮಯ ಮೇಲುಮೇಲಿನ ಮಾತಿನಲ್ಲಿ ಕಳೆದುಹೋಗುತ್ತದೆ. "ಮೂರನೇ ಪ್ಯಾರಾದಲ್ಲಿ ಪುರಾವೆಯಿಂದ ತೀರ್ಮಾನಕ್ಕೆ ಹೋಗುವ ದಾರಿ ಕಾಣುತ್ತದೆಯೇ" ಎಂದು ಕೇಳಿ. ಪ್ರೊಫೆಸರ್ ಆಫೀಸ್ ಅವರ್ಸ್‌ಗೂ (ವಿದ್ಯಾರ್ಥಿಗಳನ್ನು ಭೇಟಿಯಾಗಲು ಇಟ್ಟ ಸಮಯ) ಇಂಥದ್ದೇ ಒಂದು ಪ್ರಶ್ನೆ ಇಟ್ಟುಕೊಂಡು ಹೋಗಿ. ಕಡಿಮೆ ಅಂಕ ಬಂದವರಷ್ಟೇ ಹೋಗುವ ಜಾಗವಲ್ಲ ಅದು, ಸಂಕೋಚ ಬೇಡ.