ಪಕ್ಕದವರ ಹಲಸಿನ ಮರ ಗಾಳಿಗೆ ನಮ್ಮ ಮಾಡಿನ ಮೇಲೆ ಬಿದ್ದಿದೆ: ನಷ್ಟ ಯಾರು ಭರಿಸಬೇಕು?

ಹೆಂಚಿನಮನೆ (ತೀರ್ಥಹಳ್ಳಿ ತಾಲ್ಲೂಕು) ಕೇಳಿದ್ದು:

ಕೃತ್ತಿಕಾ ಮಳೆ ಹಿಡಿದ ವಾರದಲ್ಲಿ ಒಂದು ಸಂಜೆ ಎದ್ದ ಗಾಳಿಗೆ, ನಮ್ಮ ಗಡಿಯಿಂದ ಆರು ಅಡಿ ಆಚೆ ಪಕ್ಕದ ಮನೆಯವರ ಜಾಗದಲ್ಲಿದ್ದ ದೊಡ್ಡ ಹಲಸಿನ ಮರ ಬುಡಸಮೇತ ಕಿತ್ತುಕೊಂಡು ನಮ್ಮ ಅಡುಗೆಮನೆಯ ಮಾಡಿನ ಮೇಲೆ ಬಿತ್ತು. ಆ ಹೊತ್ತಿಗೆ ಎಲ್ಲರೂ ಜಗಲಿಯಲ್ಲಿದ್ದುದರಿಂದ ಯಾರಿಗೂ ಪೆಟ್ಟಾಗಲಿಲ್ಲ. ನಾನೂರು ಮಂಗಳೂರು ಹೆಂಚು ಪುಡಿಯಾಗಿವೆ, ಹನ್ನೊಂದು ಪಕಾಸು ಮುರಿದಿವೆ, ಒಂದು ಕಡೆಯ ಗೋಡೆ ಬಿರುಕು ಬಿಟ್ಟಿದೆ. ಬಡಗಿ ಮತ್ತು ಗಾರೆಯವರು ಸೇರಿ ಹೇಳಿದ ಅಂದಾಜು 1,35,000 ರೂಪಾಯಿ.

ಎರಡು ವರ್ಷದ ಹಿಂದೆ ಅವರು ತಮ್ಮ ಅಂಗಳಕ್ಕೆ ಪಿಕಪ್ ಬರಲೆಂದು ಜೆಸಿಬಿಯಲ್ಲಿ ದರೆ (ಮಣ್ಣಿನ ದಿಬ್ಬದ ಅಂಚು) ಕಡಿಸಿದಾಗ ಮರದ ಆ ಕಡೆಯ ಬೇರುಗಳೆಲ್ಲ ತುಂಡಾಗಿದ್ದವು. ಅಲ್ಲಿಂದೀಚೆಗೆ ಮರ ನಮ್ಮ ಕಡೆಗೆ ವಾಲುತ್ತಾ ಬಂದದ್ದು ಕಣ್ಣಿಗೆ ಕಾಣುತ್ತಿತ್ತು. ಬಾಯಿಮಾತಿನಲ್ಲಿ ಎರಡು ಸಲ ಹೇಳಿದ್ದೆವು. ಕಳೆದ ದಸರಾ ರಜೆಗೆ ಬಂದಿದ್ದ ನನ್ನ ಮಗ ಬುಡದ ಫೋಟೊ ತೆಗೆದು ವಾಟ್ಸ್ಆಪ್‌ನಲ್ಲಿ ಕಳುಹಿಸಿ, ಮಳೆಗಾಲದೊಳಗೆ ನಮ್ಮ ಕಡೆಯ ಕೊಂಬೆಗಳನ್ನಾದರೂ ಸವರಿಸಿ ಎಂದು ಬರೆದಿದ್ದ. ಅದಕ್ಕೆ ಬಂದ ಉತ್ತರ ಒಂದು ಹೆಬ್ಬೆರಳಿನ ಚಿತ್ರ, ಅಷ್ಟೇ.

ಈಗ ಕೇಳಿದರೆ, "ಗಾಳಿಗೆ ಬಿದ್ದದ್ದಕ್ಕೆ ನಾನೇನು ಮಾಡಲಿ, ಅದು ದೇವರ ಕೆಲಸ" ಎನ್ನುತ್ತಾರೆ. ಅದೇ ಉಸಿರಿನಲ್ಲಿ, ದಿಮ್ಮಿ ಒಯ್ಯಲು ಆಳುಗಳನ್ನು ಯಾವಾಗ ಕಳಿಸಲಿ ಎಂದೂ ಕೇಳುತ್ತಾರೆ. ಮರ ಬೀಳುವಾಗ ದೇವರದು, ಬಿದ್ದ ಮೇಲೆ ಅವರದು ಎಂಬ ಈ ಲೆಕ್ಕ ನನಗೆ ಅರ್ಥವಾಗಿಲ್ಲ. ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಶಿವಮೊಗ್ಗದ ವಕೀಲ ಬರೆದದ್ದು:

ಮರದ ಒಡೆತನದಿಂದಲೇ ಹೊಣೆ ತೀರ್ಮಾನವಾಗುವುದಿಲ್ಲ. ಮರ ಅಪಾಯದ ಸ್ಥಿತಿಯಲ್ಲಿದೆ ಎಂಬುದು ಮಾಲೀಕರಿಗೆ ಗೊತ್ತಿತ್ತೇ, ಅಥವಾ ಸಾಮಾನ್ಯ ಎಚ್ಚರವುಳ್ಳ ಯಾರಿಗಾದರೂ ಗೊತ್ತಾಗಬೇಕಿತ್ತೇ, ಗೊತ್ತಿದ್ದೂ ಅವರು ಸುಮ್ಮನಿದ್ದರೇ ಎಂಬುದನ್ನೇ ನ್ಯಾಯಾಲಯ ನೋಡುತ್ತದೆ. ಇದಕ್ಕೆಂದೇ ಬರೆದಿಟ್ಟ ಕಾಯ್ದೆ ನಮ್ಮಲ್ಲಿಲ್ಲ. ನಿರ್ಲಕ್ಷ್ಯ ಮತ್ತು ಉಪದ್ರವದ ಬಗ್ಗೆ ತೀರ್ಪುಗಳ ಮೂಲಕ ಬೆಳೆದುಬಂದ ತತ್ವಗಳನ್ನೇ ಸಿವಿಲ್ ನ್ಯಾಯಾಲಯಗಳು ಅನ್ವಯಿಸುತ್ತವೆ. ಇಂಗ್ಲೆಂಡಿನ 1926ರ ನೋಬಲ್ ಮತ್ತು ಹ್ಯಾರಿಸನ್ ಪ್ರಕರಣದಲ್ಲಿ ರಸ್ತೆಯ ಮೇಲೆ ಚಾಚಿದ್ದ ಬೀಚ್ ಮರದ ಕೊಂಬೆ ಮುರಿದು ವಾಹನ ಜಖಂಗೊಂಡಿತ್ತು. ಕೊಂಬೆಯ ದೋಷ ಹೊರಗಿನಿಂದ ಪರೀಕ್ಷಿಸಿದರೂ ಕಾಣುವಂಥದ್ದಾಗಿರಲಿಲ್ಲ ಎಂಬ ಕಾರಣಕ್ಕೆ ಮಾಲೀಕನ ಮೇಲೆ ಹೊಣೆ ಬರಲಿಲ್ಲ.

ನಮ್ಮ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಜೊತೆಗಿಟ್ಟು ಓದಬೇಕು. 1997ರ ರಾಜಕೋಟ್ ಮಹಾನಗರಪಾಲಿಕೆಯ ಪ್ರಕರಣದಲ್ಲಿ ರಸ್ತೆಬದಿಯ ಮರ ಬಿದ್ದು ನಡೆದು ಹೋಗುತ್ತಿದ್ದ ವ್ಯಕ್ತಿ ತೀರಿಕೊಂಡಿದ್ದರೂ ಪಾಲಿಕೆ ಹೊಣೆಯಲ್ಲ ಎಂದಾಯಿತು. ಎರಡೇ ವರ್ಷದ ನಂತರ, 1999ರಲ್ಲಿ, ಬೇವಿನ ಮರದ ಕೊಂಬೆ ಮುರಿದು ಸ್ಕೂಟರ್ ಸವಾರರೊಬ್ಬರು ಸತ್ತ ದೆಹಲಿಯ ಪ್ರಕರಣದಲ್ಲಿ, ಮರಗಳನ್ನು ಆಗಾಗ ಪರಿಶೀಲಿಸಿ ಮುನ್ನೆಚ್ಚರಿಕೆ ವಹಿಸುವುದು ಪಾಲಿಕೆಯ ಕರ್ತವ್ಯವಾಗಿತ್ತು ಎಂದು ಪರಿಹಾರದ ಆದೇಶ ಉಳಿಯಿತು. ಮೇಲ್ನೋಟಕ್ಕೆ ಒಂದೇ ಬಗೆಯ ಘಟನೆಗಳು. ಅಪಾಯವನ್ನು ಮೊದಲೇ ಊಹಿಸಬಹುದಿತ್ತೇ ಎಂಬ ಪ್ರಶ್ನೆಯ ಮೇಲೆ ದಾರಿ ಬೇರೆಯಾಯಿತು.

ನಿಮ್ಮ ಪ್ರಕರಣದಲ್ಲಿ ಅಪಾಯವನ್ನು ಅವರು ಕಂಡದ್ದಷ್ಟೇ ಅಲ್ಲ, ಬೇರು ಕಡಿಸಿ ತಾವೇ ತಂದುಕೊಂಡದ್ದು. ನೀವು ನಗೆಯಾಡಿದ ಆ ಹೆಬ್ಬೆರಳಿನ ಚಿತ್ರ ನನ್ನ ದೃಷ್ಟಿಯಲ್ಲಿ ನಿಮ್ಮ ಬಳಿ ಇರುವ ಅತ್ಯಂತ ಬೆಲೆಬಾಳುವ ವಸ್ತು, ಏಕೆಂದರೆ ಎಚ್ಚರಿಕೆ ತಮಗೆ ತಲುಪಿಯೇ ಇರಲಿಲ್ಲ ಎಂದು ಅವರು ಇನ್ನು ಹೇಳಲಾರರು. ಆ ಫೋನನ್ನು ಬದಲಿಸಬೇಡಿ, ಸಂಭಾಷಣೆಯನ್ನು ಅಳಿಸಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರದೊಂದಿಗೆ ಅದನ್ನು ಹಾಜರುಪಡಿಸಬೇಕಾಗುತ್ತದೆ.

"ದೇವರ ಕೆಲಸ" ಎಂಬ ವಾದ ಕಾನೂನಿನಲ್ಲಿಯೂ ಇದೆ. ಆದರೆ ಅದು ನಿಲ್ಲಬೇಕಾದರೆ ಗಾಳಿ ಯಾರೂ ನಿರೀಕ್ಷಿಸಲಾಗದಷ್ಟು ಅಸಾಧಾರಣವಾಗಿರಬೇಕು ಮತ್ತು ಮನುಷ್ಯನ ಕೈ ಅದರಲ್ಲಿ ಸೇರಿರಬಾರದು. ಮೇ ತಿಂಗಳಲ್ಲಿ ಮಲೆನಾಡಿನಲ್ಲಿ ಗಾಳಿಮಳೆ ಬರುವುದನ್ನು ಅಸಾಧಾರಣ ಎಂದು ಯಾವ ನ್ಯಾಯಾಧೀಶರೂ ಒಪ್ಪುವುದು ಕಷ್ಟ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿ ಮಟ್ಟದಲ್ಲಿ ಹವಾಮಾನ ಮಾಪನ ಕೇಂದ್ರಗಳನ್ನು ಇಟ್ಟಿರುವುದರಿಂದ, ಆ ದಿನದ ಗಾಳಿಯ ವೇಗದ ದಾಖಲೆಗೆ ಈಗಲೇ ಅರ್ಜಿ ಹಾಕಿ. ಊರಿನಲ್ಲಿ ಆ ದಿನ ಬೇರೆ ಯಾವ ಗಟ್ಟಿ ಮರ ಬಿದ್ದಿದೆ, ಯಾವುದು ಬಿದ್ದಿಲ್ಲ ಎಂಬುದನ್ನೂ ಬರೆದಿಟ್ಟುಕೊಳ್ಳಿ.

ದಿಮ್ಮಿಯ ವಿಷಯಕ್ಕೆ ಬಂದರೆ, ಬಿದ್ದ ಮೇಲೂ ಮರ ಅವರದೇ. ನೀವಾಗಿ ಕೊಯ್ಸಿ ಮಾರಬೇಡಿ. ಆದರೆ ಗ್ರಾಮ ಆಡಳಿತಾಧಿಕಾರಿಯಿಂದ ಮಹಜರು ಆಗುವವರೆಗೆ, ಬೇರಿನ ಬುಡವನ್ನು ಎಲ್ಲ ಕಡೆಯಿಂದ ಫೋಟೊ ತೆಗೆಯುವವರೆಗೆ ಅದನ್ನು ಅಲುಗಿಸಲು ಬಿಡಬೇಡಿ. ಪರಿಹಾರದ ದಾವೆಗೆ ಮೂರು ವರ್ಷದ ಕಾಲಮಿತಿ ಇದೆ. ಮೊದಲು ಲಿಖಿತ ನೋಟಿಸು ಕೊಡಿ.

ಮೂಡಿಗೆರೆಯ ಕಾಫಿ ಬೆಳೆಗಾರ ಬರೆದದ್ದು:

ವಕೀಲರ ಮಾತಿಗೆ ನನ್ನದೊಂದು ತಕರಾರು ಇದೆ. ಹಳ್ಳಿಯಲ್ಲಿ ಮರ ಇಟ್ಟುಕೊಂಡವರ ಕಷ್ಟವನ್ನೂ ನೋಡಬೇಕು. ದರೆ ಕಡಿದ ಕಡೆಯಲ್ಲೆಲ್ಲ ಮರ ಬೀಳುವುದಾದರೆ ನಮ್ಮ ರಸ್ತೆಗಳ ಇಕ್ಕೆಲದಲ್ಲಿ ಒಂದು ಮರವೂ ಉಳಿಯುತ್ತಿರಲಿಲ್ಲ. ಅಲ್ಲದೆ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ 1976ರ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ಜಾಗದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಅರ್ಜಿ ಹಿಡಿದು ಓಡಾಡಿದವರಿಗೆ ಅದರ ರುಚಿ ಗೊತ್ತು.

ನನ್ನ ತೋಟದ ಅಕೇಶಿಯಾ ಒಂದು ಪಕ್ಕದವರ ಕೊಟ್ಟಿಗೆಯ ಶೀಟಿನ ಮೇಲೆ ಬಿದ್ದಾಗ ನನ್ನ ತಪ್ಪೇನೂ ಇರಲಿಲ್ಲ, ಮರ ಹಸಿರಾಗಿಯೇ ಇತ್ತು. ಆದರೂ ಅರ್ಧ ಖರ್ಚು ಕೊಟ್ಟೆ. ಕಾನೂನು ಕೇಳಿ ಕೊಟ್ಟದ್ದಲ್ಲ. ಅಡಿಕೆ ಕೊಯ್ಲಿಗೆ ಅವರ ಮನೆಯಿಂದಲೇ ದೋಟಿ ತರಬೇಕಿತ್ತು.

ಶಿವಮೊಗ್ಗದ ವಕೀಲ:

ಅನುಮತಿಯ ಮಾತು ಸರಿ. ಆದರೆ ಪ್ರಾಣಕ್ಕೋ ಆಸ್ತಿಗೋ ಅಪಾಯ ಎಂಬುದು ಅದೇ ಕಾಯ್ದೆಯಲ್ಲಿ ಅನುಮತಿ ಕೊಡಲು ಹೇಳಿರುವ ಕಾರಣಗಳಲ್ಲಿ ಒಂದು. ಅವರು ಅರ್ಜಿ ಹಾಕಿದ್ದು ಕಚೇರಿಯಲ್ಲಿ ಕೊಳೆಯುತ್ತಿದ್ದರೆ ಅದು ಅವರಿಗೆ ಒಳ್ಳೆಯ ರಕ್ಷಣೆಯಾಗುತ್ತಿತ್ತು. ಇಲ್ಲಿ ಅರ್ಜಿಯನ್ನೇ ಹಾಕಿದಂತೆ ಕಾಣುವುದಿಲ್ಲ. ಹಸಿರಾಗಿದ್ದ ನಿಮ್ಮ ಅಕೇಶಿಯಾಕ್ಕೆ ಮಾತ್ರ ನ್ಯಾಯಾಲಯ ನಿಮ್ಮನ್ನು ಹೊಣೆ ಮಾಡುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ವಿಮಾ ಸರ್ವೇಯರ್ ಬರೆದದ್ದು:

ಮನೆಗೆ ವಿಮೆ ಇದೆಯೇ ಎಂಬುದನ್ನು ಯಾರೂ ಕೇಳಲಿಲ್ಲ. ಬ್ಯಾಂಕ್ ಸಾಲವಿದ್ದರೆ ನಿಮಗೆ ನೆನಪಿಲ್ಲದೆಯೂ ಇರಬಹುದು, ಪಾಸ್‌ಬುಕ್ಕಿನಲ್ಲಿ ಕಂತು ಕಡಿತವಾಗಿದೆಯೇ ನೋಡಿ. 2021ರ ಏಪ್ರಿಲ್‌ನಿಂದ ಬಂದಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಬಿರುಗಾಳಿಯೂ ಇದೆ, ಮರ ಬಿದ್ದು ಆಗುವ ಹಾನಿಯೂ ಇದೆ. ಅಲ್ಲಿ ತಪ್ಪು ಯಾರದೆಂಬ ಪ್ರಶ್ನೆ ನಿಮಗೆ ಬರುವುದಿಲ್ಲ. ಕಂಪನಿ ನಿಮಗೆ ಕೊಟ್ಟ ಹಣವನ್ನು ನಿಮ್ಮ ಸ್ಥಾನದಲ್ಲಿ ನಿಂತು ಪಕ್ಕದವರಿಂದ ವಸೂಲು ಮಾಡಲು ಹೊರಡಬಹುದು. ಆದ್ದರಿಂದ ಅವರೊಂದಿಗೆ "ಇನ್ನೇನೂ ಬಾಕಿಯಿಲ್ಲ" ಎಂದು ಬರೆದುಕೊಡುವ ಮೊದಲು ಕಂಪನಿಗೆ ತಿಳಿಸಬೇಕು.

ಸರ್ಕಾರದ ಪರಿಹಾರದ ಮೇಲೆ ಹೆಚ್ಚು ಭರವಸೆ ಇಡಬೇಡಿ. ವಿಪತ್ತು ಪರಿಹಾರ ನಿಧಿಯ 2022ರಿಂದ 2026ರವರೆಗಿನ ಕೇಂದ್ರ ಮಾನದಂಡದಲ್ಲಿ ಪಕ್ಕಾ ಮನೆಗೆ ಕನಿಷ್ಠ ಶೇ 15ರಷ್ಟು ಹಾನಿಯಾದರೆ 6,500 ರೂಪಾಯಿ ಎಂದಿದೆ. ಹೆಂಚಿಗೂ ಸಾಲದು. ಆದರೂ ಅರ್ಜಿ ಹಾಕಿ, ಮಹಜರು ಅದರ ನೆಪದಲ್ಲಿ ಬೇಗ ಆಗುತ್ತದೆ.

ಹೆಂಚಿನಮನೆ:

ಎಲ್ಲರಿಗೂ ಕೃತಜ್ಞತೆಗಳು. ವಿಮೆ ಇಲ್ಲ. ಮಹಜರು ನಿನ್ನೆ ಆಯಿತು. ದಿಮ್ಮಿಯನ್ನು ನೋಡಿದ ಬಡಗಿ, ಬುಡದಿಂದ ಮೊಣಕಾಲೆತ್ತರದವರೆಗೆ ಒಳಗೆ ಪೊಳ್ಳಾಗಿದೆ, ಗೆದ್ದಲು ಹಿಡಿದಿದೆ ಎಂದ. ಹೊರಗೆ ತೊಗಟೆಯ ಮೇಲೆ ಅಂಗೈಯಗಲದ ಮರದಂತೆ ಗಟ್ಟಿಯಾದ ಅಣಬೆಗಳೂ ಇದ್ದವು. ಇದು ನಮಗೆ ಅನುಕೂಲವೇ? ಇನ್ನೊಂದು ಸಂಗತಿ: ಅದೇ ದರೆಯ ಮೇಲೆ ಇನ್ನೊಂದು ಮಾವಿನ ಮರವೂ ಬೇರು ಕಡಿಸಿಕೊಂಡು ನಮ್ಮ ಬಚ್ಚಲ ಕಡೆಗೆ ವಾಲಿ ನಿಂತಿದೆ. ಅದು ಬೀಳುವವರೆಗೆ ಕಾಯಬೇಕೇ?

ಶಿವಮೊಗ್ಗದ ವಕೀಲ:

ಒಳಗಿನ ಪೊಳ್ಳು ಅವರಿಗೆ ಅನುಕೂಲ, ಹೊರಗಿನ ಅಣಬೆ ನಿಮಗೆ ಅನುಕೂಲ. ಪೊಳ್ಳು ತಮಗೆ ಕಾಣುವಂತಿರಲಿಲ್ಲ ಎಂದು ಅವರು ವಾದಿಸುತ್ತಾರೆ. ಬುಡದಲ್ಲಿ ಅಂಥ ಅಣಬೆ ಎದ್ದಿದ್ದರೆ ಒಳಗೆ ಕೊಳೆತಿದೆ ಎಂಬುದು ಊರವರಿಗೆಲ್ಲ ಗೊತ್ತಿರುವ ವಿಷಯ. ನಿಮ್ಮ ಮಗನ ದಸರಾ ಫೋಟೊದಲ್ಲಿ ಅಣಬೆ ಕಾಣುತ್ತದೆಯೇ ನೋಡಿ. ಕಾಣದಿದ್ದರೂ ಕತ್ತರಿಸಿದ ಬೇರುಗಳ ಮೇಲೆಯೇ ದಾವೆ ನಿಲ್ಲುತ್ತದೆ.

ಮಾವಿನ ಮರಕ್ಕೆ ಕಾಯುವ ಅಗತ್ಯವಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿ, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಲ್ಲಿದ್ದಂತೆಯೇ, ಬಿದ್ದು ನೆರೆಹೊರೆಯವರಿಗೆ ಅಪಾಯ ಮಾಡುವ ಸ್ಥಿತಿಯಲ್ಲಿರುವ ಮರವನ್ನು ತೆಗೆಯಲು ಅಥವಾ ಅದಕ್ಕೆ ಆಸರೆ ಕೊಡಲು ಮಾಲೀಕರಿಗೆ ಆದೇಶಿಸುವ ಅಧಿಕಾರ ಉಪವಿಭಾಗಾಧಿಕಾರಿಗೆ ಇದೆ. ಫೋಟೊ ಲಗತ್ತಿಸಿ ಅರ್ಜಿ ಕೊಡಿ, ಅದರ ಒಂದು ಪ್ರತಿಯನ್ನು ಪಕ್ಕದವರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ನಿಮ್ಮ ಗಡಿಯೊಳಗೆ ಚಾಚಿದ ಕೊಂಬೆಗಳನ್ನು ಗಡಿಯವರೆಗೆ ನೀವೇ ಸವರಬಹುದು. ಅದರ ಕಟ್ಟಿಗೆ ಮತ್ತು ಕಾಯಿ ಮಾತ್ರ ಅವರದು.

ದಾವೆಗೆ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಲೋಕ ಅದಾಲತ್ತಿನಲ್ಲಿ ಕೂರಿಸಲು ಕೇಳಿ. ಅಲ್ಲಿ ಆದ ರಾಜಿಗೆ ಸಿವಿಲ್ ಡಿಕ್ರಿಯ ಬಲವಿದೆ, ಮೇಲ್ಮನವಿಯ ರಗಳೆಯಿಲ್ಲ.

ಹೆಂಚಿನಮನೆ:

ಉಪವಿಭಾಗಾಧಿಕಾರಿಗೆ ಅರ್ಜಿ ಹೋಯಿತು. ಅದರ ಪ್ರತಿ ತಲುಪಿದ ಸಂಜೆ ಪಕ್ಕದವರು ತಾವಾಗಿಯೇ ಬಂದು, ಹಲಸಿನ ದಿಮ್ಮಿಯ ಮೇಲಿನ ಗಟ್ಟಿ ಭಾಗವನ್ನು ಮಿಲ್ಲಿಗೆ ಹಾಕಿಸಿ ನಮ್ಮ ಪಕಾಸು, ರೀಪುಗಳಿಗೆ ಬೇಕಾದಷ್ಟನ್ನು ಕೊಯ್ಸಿಕೊಡುತ್ತೇನೆ ಎಂದಿದ್ದಾರೆ. ಹೆಂಚು ಮತ್ತು ಗೋಡೆಯ ಮಾತು ಇನ್ನೂ ಬಾಕಿ ಇದೆ. ಅದಕ್ಕೆ ಅದಾಲತ್ತಿನಲ್ಲಿ ಕೂರಲು ಒಪ್ಪಿದ್ದಾರೆ. ಅಷ್ಟರವರೆಗೆ ಇರಲೆಂದು, ಬುಡದಿಂದ ಅಣಬೆಸಮೇತ ಒಂದು ಗೇಣು ದಪ್ಪದ ತುಂಡನ್ನು ಅವರ ಎದುರೇ, ಅವರನ್ನು ಕೇಳಿಯೇ ಕೊಯ್ಸಿ, ಟಾರ್ಪಾಲಿನಲ್ಲಿ ಸುತ್ತಿ ಕೊಟ್ಟಿಗೆಯ ಅಟ್ಟದ ಮೇಲೆ ಇಟ್ಟಿದ್ದೇವೆ.