ತಾಂಜಾನಿಯಾದಲ್ಲಿ ನಮ್ಮ ಕಾಫಿ ಪುಡಿಯ ಟ್ರೇಡ್‌ಮಾರ್ಕ್: ಡೀಲರ್ ಹೆಸರಲ್ಲಿ ಮಾಡಿಸಬಹುದಾ?

ಪುಡಿ ಅಂಗಡಿ, ಚಿಕ್ಕಮಗಳೂರು
ನಮ್ಮದು ಕಾಫಿ ಹುರಿದು ಪುಡಿ ಮಾಡುವ ಮನೆ ವ್ಯಾಪಾರ. ಚಿಕೋರಿ ಬೆರೆಸಿದ ಫಿಲ್ಟರ್ ಪುಡಿಗೆ ದಾರ್ ಎಸ್ ಸಲಾಮ್‌ನಲ್ಲಿ ಒಬ್ಬ ಡೀಲರ್ ಸಿಕ್ಕಿದ್ದಾರೆ, ಅಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಚೆನ್ನಾಗಿ ಹೋಗುತ್ತಿದೆ. ಈಗ ಅವರು "ಬ್ರ್ಯಾಂಡನ್ನ ಇಲ್ಲಿ ನನ್ನ ಹೆಸರಲ್ಲೇ ರಿಜಿಸ್ಟರ್ ಮಾಡಿಸ್ತೀನಿ, ಖರ್ಚೂ ನಂದೇ" ಅನ್ನುತ್ತಿದ್ದಾರೆ. ಮನುಷ್ಯ ಒಳ್ಳೆಯವರೇ. ಇಂಡಿಯಾದಲ್ಲಿ ನಮಗೆ ಕ್ಲಾಸ್ 30ರಲ್ಲಿ (ಕಾಫಿ, ಟೀ ಮುಂತಾದವು ಬರುವ ವರ್ಗ) ಟ್ರೇಡ್‌ಮಾರ್ಕ್ ರಿಜಿಸ್ಟ್ರೇಷನ್ ಇದೆ, ಅದು ಅಲ್ಲಿಗೆ ಸಾಲದಾ? ನಮ್ಮ ಆಡಿಟರ್ ಮ್ಯಾಡ್ರಿಡ್ (ಒಂದೇ ಅರ್ಜಿಯಲ್ಲಿ ಹಲವು ಸದಸ್ಯ ದೇಶಗಳಲ್ಲಿ ಟ್ರೇಡ್‌ಮಾರ್ಕ್ ಕೇಳುವ ಅಂತರರಾಷ್ಟ್ರೀಯ ವ್ಯವಸ್ಥೆ) ಮೂಲಕ ಇಲ್ಲಿಂದಲೇ ಅರ್ಜಿ ಹಾಕಿ ಅನ್ನುತ್ತಾರೆ.

ಅರಸೀಕೆರೆ ನಾರು
ದಯವಿಟ್ಟು ಒಪ್ಪಬೇಡಿ. ಅವರು ಎಷ್ಟೇ ಒಳ್ಳೆಯವರಾಗಲಿ, ಕಾಗದದಲ್ಲಿ ಹೆಸರು ಅವರದಾದರೆ ಬ್ರ್ಯಾಂಡ್ ಅಲ್ಲಿ ಅವರದೇ. ನಾಳೆ ರೇಟಿನ ವಿಷಯಕ್ಕೆ ಮನಸ್ತಾಪ ಬಂತು ಅಂತಿಟ್ಟುಕೊಳ್ಳಿ, ನೀವು ಬೇರೆ ಡೀಲರ್‌ಗೆ ಮಾಲು ಕಳಿಸಿದರೆ ನಿಮ್ಮ ಪ್ಯಾಕೆಟ್ಟನ್ನೇ ನಕಲು ಅಂತ ತಡೆಯಲು ಅವರಿಗೆ ದಾರಿ ಸಿಗುತ್ತದೆ. ನಮ್ಮ ಪರಿಚಯದ ತೆಂಗಿನ ನಾರಿನ ವ್ಯಾಪಾರಿಯೊಬ್ಬರಿಗೆ ಬೇರೆ ದೇಶದಲ್ಲಿ ಹೀಗೇ ಆಯಿತು, ಕೊನೆಗೆ ತಮ್ಮದೇ ಹೆಸರನ್ನು ದುಡ್ಡು ಕೊಟ್ಟು ಬಿಡಿಸಿಕೊಂಡರು.

ಹಾಸನದ ಟ್ರೇಡ್‌ಮಾರ್ಕ್ ಏಜೆಂಟ್
ಮೇಲಿನವರು ಹೇಳಿದ್ದು ಸರಿ. ಇಂಡಿಯಾದ ಸರ್ಟಿಫಿಕೇಟ್ ಇಂಡಿಯಾಕ್ಕಷ್ಟೇ. ಮ್ಯಾಡ್ರಿಡ್‌ಗೆ ಇಂಡಿಯಾ 2013ರಲ್ಲಿ ಸೇರಿತು, ಆದರೆ ತಾಂಜಾನಿಯಾ ಅದರಲ್ಲಿಲ್ಲ, ಹಾಗಾಗಿ ಆ ದಾರಿ ಇಲ್ಲಿ ಆಗುವುದಿಲ್ಲ. ಅಲ್ಲಿನ ಏಜೆಂಟ್‌ಗೆ ಪವರ್ ಆಫ್ ಅಟಾರ್ನಿ ಕೊಟ್ಟು ಬ್ರೆಲಾ (ತಾಂಜಾನಿಯಾದ ವ್ಯಾಪಾರ ನೋಂದಣಿ ಸಂಸ್ಥೆ) ಆಫೀಸಿನಲ್ಲಿ ನೇರವಾಗಿ ಅರ್ಜಿ ಹಾಕಿಸಬೇಕು. ಅರ್ಜಿದಾರರ ಜಾಗದಲ್ಲಿ ನಿಮ್ಮ ಫರ್ಮ್ ಹೆಸರೇ ಇರಲಿ, ಇಂಡಿಯಾ ಸರ್ಟಿಫಿಕೇಟಿನಲ್ಲಿ ಹೇಗಿದೆಯೋ ಹಾಗೇ, ಒಂದಕ್ಷರವೂ ಬದಲಾಗದಂತೆ. ತಾಂಜಾನಿಯಾಕ್ಕೇ ಸೇರಿದ ಜಂಜಿಬಾರ್ ದ್ವೀಪಕ್ಕೂ ಮಾಲು ಹೋಗುವುದಾದರೆ ಅಲ್ಲಿ ಬೇರೆಯೇ ಅರ್ಜಿ. ಬ್ರೆಲಾದ ರಿಜಿಸ್ಟ್ರೇಷನ್ ದ್ವೀಪಕ್ಕೆ ಅನ್ವಯಿಸುವುದಿಲ್ಲ.

ಜಾಸ್ತಿ ಜನ ಎಡವುವುದು ರಿನ್ಯೂವಲ್‌ನಲ್ಲಿ. ನಮ್ಮಲ್ಲಿ 10 ವರ್ಷ ಅಲ್ವಾ, ತಾಂಜಾನಿಯಾದ ಮೇನ್‌ಲ್ಯಾಂಡ್‌ನಲ್ಲಿ ಮೊದಲ ಅವಧಿ 7 ವರ್ಷ, ಆಮೇಲೆ 10 ವರ್ಷಕ್ಕೊಮ್ಮೆ. ಲೆಕ್ಕ ಶುರುವಾಗುವುದು ಅರ್ಜಿ ಹಾಕಿದ ದಿನದಿಂದ, ಸರ್ಟಿಫಿಕೇಟ್ ಕೈಗೆ ಬಂದ ದಿನದಿಂದಲ್ಲ. ಏಜೆಂಟ್ ನೆನಪಿಸುತ್ತಾರೆ ಅಂತ ಸುಮ್ನೆ ಕೂರಬೇಡಿ. ಅಲ್ಲಿಗೆ ಹೋದ ಬಿಲ್ಲು, ಶಿಪ್ಪಿಂಗ್ ಕಾಗದ, ಅಂಗಡಿಯ ಶೆಲ್ಫಿನಲ್ಲಿರುವ ಪ್ಯಾಕೆಟ್ಟಿನ ಫೋಟೊ ಎಲ್ಲ ಒಂದು ಫೈಲಿನಲ್ಲಿ ಇಟ್ಟಿರಿ. ಮಾರ್ಕ್ ಬಳಕೆಯಲ್ಲಿಲ್ಲ ಅಂತ ಯಾರಾದರೂ ರದ್ದಿಗೆ ಹಾಕಿದರೆ ಅದೇ ನಿಮ್ಮ ಪುರಾವೆ.

ಪುಡಿ ಅಂಗಡಿ, ಚಿಕ್ಕಮಗಳೂರು
ತುಂಬಾ ಉಪಕಾರವಾಯಿತು ಸರ್. ಮುಂದೆ ನೈರೋಬಿಗೂ ಕಳಿಸುವ ಯೋಚನೆ ಇದೆ. ಅಲ್ಲಿಗೂ ಇದೇ ದಾರಿನಾ?

ಹಾಸನದ ಟ್ರೇಡ್‌ಮಾರ್ಕ್ ಏಜೆಂಟ್
ಕೀನ್ಯಾ ಮ್ಯಾಡ್ರಿಡ್‌ನಲ್ಲಿದೆ, ಅಲ್ಲಿ ನಿಮ್ಮ ಆಡಿಟರ್ ಮಾತು ಸರಿ. ಅವಧಿಯೂ 10 ವರ್ಷ. ಒಂದೇ ಎಚ್ಚರಿಕೆ: ಮೊದಲ 5 ವರ್ಷದೊಳಗೆ ಇಂಡಿಯಾದ ಮೂಲ ಮಾರ್ಕ್ ಬಿದ್ದುಹೋದರೆ ಅದರ ಮೇಲೆ ನಿಂತ ಕೀನ್ಯಾದ್ದೂ ಬೀಳುತ್ತದೆ, ಆದ್ದರಿಂದ ಇಲ್ಲಿನದನ್ನು ಗಟ್ಟಿಯಾಗಿ ಇಟ್ಟುಕೊಳ್ಳಿ. ಡೀಲರ್ ಜೊತೆಗಿನ ಅಗ್ರಿಮೆಂಟಿನಲ್ಲಿ, ಅವರಿಗೆ ಇರುವುದು ಮಾರುವ ಹಕ್ಕು ಮಾತ್ರ, ಮಾರ್ಕ್ ನಿಮ್ಮ ಫರ್ಮಿನದು ಅಂತ ಬರೆಸಿ. ಮುಂದಿನ ಲೋಡ್ ಹೋಗುವ ಮೊದಲೇ ಅವರ ಸಹಿ ಬಿದ್ದಿರಲಿ.